ಹಾಸನಕ್ಕೊಂದು ಸಿಂಫನಿ ಆರ್ಕೆಸ್ಟ್ರಾ ಬೇಕಾ, ಮೇಷ್ಟ್ರೇ?

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೆ. ಬೆಂಗಳೂರಿನಲ್ಲಿದ್ದಾಗ ಒಂದು ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಎರಡನೇ ವಯೊಲಿನ್ ಸಾಲಿನ ಕೊನೆಯ ಕುರ್ಚಿ ನನ್ನದಾಗಿತ್ತು ಅಂತ. ಅಷ್ಟಕ್ಕೇ ಪತ್ರಗಳು ಬಂದು ಬಿದ್ದಿವೆ. ತಂಬೂರಿಯ ಜೀವಾಳ, ಮೃದಂಗದ ಕರಣೆ, ಮಗುವಿಗೆ ಯಾವ ವಯಸ್ಸಿಗೆ ಸರಳೆ ವರಸೆ ಅನ್ನುವ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ ಇರಲಿ. ಈ ಸಲ ಪೂರ್ತಿ ಆರ್ಕೆಸ್ಟ್ರಾ, ಅಂದರೆ ಪಾಶ್ಚಾತ್ಯ ಸಂಗೀತದ ದೊಡ್ಡ ವಾದ್ಯತಂಡ.

ಮೇಷ್ಟ್ರೇ, ಮಗನ ಮನೆಗೆಂದು ಮುಂಬೈಗೆ ಹೋಗಿದ್ದೆ. ಅವನು ನರಿಮನ್ ಪಾಯಿಂಟ್‌ನ ಎನ್‌ಸಿಪಿಎ ಕಲಾಕೇಂದ್ರಕ್ಕೆ ಕರೆದುಕೊಂಡು ಹೋಗಿ ಸಿಂಫನಿ ಆರ್ಕೆಸ್ಟ್ರಾ ಕೇಳಿಸಿದ. ವೇದಿಕೆ ತುಂಬ ವಾದಕರು. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಇಷ್ಟು ಜನಕ್ಕೆ ಸಂಬಳ ಕೊಟ್ಟು ಸಾಕುವುದರಿಂದ ಒಂದು ಊರಿಗೆ ಏನು ಸಿಗುತ್ತದೆ? ನಮ್ಮ ಹಾಸನದಲ್ಲಿ ಗಣಪತಿ ಪೆಂಡಾಲಿನ ರಸಮಂಜರಿ ಸಾಲದಾ?
– ನಿವೃತ್ತ ಬ್ಯಾಂಕ್ ನೌಕರ, ವಿದ್ಯಾನಗರ, ಹಾಸನ

ರಸಮಂಜರಿ ಬೇಡ ಅಂತ ನಾನು ಯಾಕೆ ಹೇಳಲಿ ಸ್ವಾಮಿ. ಪೆಂಡಾಲಿನ ಮುಂದೆ ಕಡಲೆಕಾಯಿ ತಿನ್ನುತ್ತಾ ನಿಂತು ಕೇಳಿದವನೇ ನಾನು. ಆದರೆ ಆ ತಂಡ ರಾತ್ರಿ ಹನ್ನೊಂದಕ್ಕೆ ಸ್ಪೀಕರ್ ಬಾಕ್ಸುಗಳನ್ನು ವ್ಯಾನಿಗೆ ಏರಿಸಿ ಮುಂದಿನ ಊರಿಗೆ ಹೊರಡುತ್ತದೆ. ಊರಿನದೇ ಆರ್ಕೆಸ್ಟ್ರಾ ಆದರೆ ಊರಲ್ಲೇ ಉಳಿಯುತ್ತದೆ. ನೀವು ನೋಡಿದ್ದು ಎರಡು ಗಂಟೆಯ ಕಛೇರಿ. ಊರಿಗೆ ಲಾಭ ಆಗುವುದು ಕಛೇರಿ ಇಲ್ಲದ ದಿನಗಳಲ್ಲಿ. ಆ ವಾದಕರು ಪಾಠ ಹೇಳುತ್ತಾರೆ, ವಾರ ವಾರ ತಾಲೀಮು ಮಾಡುತ್ತಾರೆ, ವಾದ್ಯ ರಿಪೇರಿಯವನಿಗೆ ಕೆಲಸ ಕೊಡುತ್ತಾರೆ. ಅವರ ಮಕ್ಕಳು ಅದನ್ನು ಕೇಳುತ್ತಾ ಬೆಳೆಯುತ್ತಾರೆ.

ನೀವು ಕೇಳಿದ್ದು ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇರಬೇಕು. 2006ರಲ್ಲಿ ಎನ್‌ಸಿಪಿಎಯ ಖುಷ್ರು ಸಂತೂಕ್ ಮತ್ತು ಕಜಾಕಿಸ್ತಾನದ ವಯೊಲಿನ್ ವಾದಕ ಮರಾತ್ ಬಿಸೆಂಗಾಲಿಯೆವ್ ಸೇರಿ ಶುರು ಮಾಡಿದ್ದು. ಹೊರದೇಶದ ಮುಖಗಳು ವೇದಿಕೆ ಮೇಲೆ ಜಾಸ್ತಿ ಕಂಡಿರಬೇಕು, ಅಲ್ವಾ? ಕಾರಣ ಸರಳ. ಓಬೊ, ಬಸೂನ್, ಫ್ರೆಂಚ್ ಹಾರ್ನ್‌ನಂಥ ಊದುವ ವಾದ್ಯ ಕಲಿಸುವವರು ನಮ್ಮ ದೇಶದಲ್ಲಿ ಕೈಬೆರಳೆಣಿಕೆಯಷ್ಟು. ಕಲಿಸುವವರಿಲ್ಲದೆ ನುಡಿಸುವವರು ಎಲ್ಲಿಂದ ಬರಬೇಕು? ಅದಕ್ಕೇ ಅವರು ಮಕ್ಕಳಿಗಾಗಿ ಶಾಲೆಯನ್ನೂ ನಡೆಸುತ್ತಿದ್ದಾರೆ. ಅದು ನನಗೆ ಕಛೇರಿಗಿಂತ ದೊಡ್ಡ ಕೆಲಸವಾಗಿ ಕಾಣುತ್ತದೆ.

ಅದೇ ಮುಂಬೈಯಲ್ಲಿ 1935ರಲ್ಲಿ ಮೆಹ್ಲಿ ಮೆಹ್ತಾ ಅವರು ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದ್ದರು. ಮರುವರ್ಷ ಹುಟ್ಟಿದ ಮಗನ ಕಿವಿಗೆ ಚಿಕ್ಕಂದಿನಿಂದ ಬಿದ್ದಿದ್ದು ಅಪ್ಪನ ಆ ಸಂಗೀತವೇ. ಆ ಮಗ ಜುಬಿನ್ ಮೆಹ್ತಾ. ಮುಂದೆ ನ್ಯೂಯಾರ್ಕ್, ಇಸ್ರೇಲ್ ಆರ್ಕೆಸ್ಟ್ರಾಗಳನ್ನು ನಡೆಸಿದವರು. ಗೋವಾದಿಂದ ಬಂದ ವಾದಕರು ಸ್ವರಲಿಪಿ ಓದಿ ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸಿದರು. ಅವರಲ್ಲೊಬ್ಬರು ಆಂಟನಿ ಗೊನ್ಸಾಲ್ವಿಸ್. ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್‌ಗೆ ವಯೊಲಿನ್ ಕಲಿಸಿದವರು. ನಿಮ್ಮ ರಸಮಂಜರಿಯಲ್ಲಿ ಹುಡುಗ ಕೀಬೋರ್ಡಿನ ಒಂದು ಬಟನ್ ಒತ್ತಿದರೆ ಇಪ್ಪತ್ತು ವಯೊಲಿನ್ ಒಟ್ಟಿಗೆ ಎದ್ದ ಹಾಗೆ ಕೇಳುತ್ತದಲ್ಲ, ಆ ನಾದದ ಮೂಲ ಈ ಜನ.

ಈಗ ಜರ್ಮನಿಯ ಲೈಪ್‌ಜಿಗ್ ಊರಿನ ಕಥೆ ಕೇಳಿ. 1743ರಲ್ಲಿ ಅಲ್ಲಿನ ಹದಿನಾರು ಜನ ಸ್ಥಿತಿವಂತರು ಸೇರಿ ಹದಿನಾರು ವಾದಕರ ಒಂದು ತಂಡ ಕಟ್ಟಿದರು. ಬಹುಪಾಲು ವರ್ತಕರು. ಹಿಂದೆ ರಾಜ ಇಲ್ಲ, ಅರಮನೆ ಇಲ್ಲ. ನಮ್ಮ ಆಲೂಗೆಡ್ಡೆ ಮಂಡಿಯವರು, ಕಾಫಿ ವ್ಯಾಪಾರಿಗಳು ಸೇರಿ ತಲೆಗೊಬ್ಬ ವಾದಕನನ್ನು ಸಾಕಿದರೆ ಹೇಗೋ ಹಾಗೆ. ಮೊದಲು ಮನೆಯಲ್ಲಿ, ಆಮೇಲೆ ಒಂದು ವಸತಿಗೃಹದ ಹಾಲಿನಲ್ಲಿ ನುಡಿಸಿದರು. 1781ರಲ್ಲಿ ಬಟ್ಟೆ ವರ್ತಕರ ಕಟ್ಟಡದಲ್ಲಿ ಜಾಗ ಸಿಕ್ಕಿತು. ಇವತ್ತಿಗೂ ಅದರ ಹೆಸರು ಗೆವಾಂಡ್‌ಹೌಸ್ ಆರ್ಕೆಸ್ಟ್ರಾ, ಅಂದರೆ ಬಟ್ಟೆ ಮಳಿಗೆಯ ಆರ್ಕೆಸ್ಟ್ರಾ. 1835ರಲ್ಲಿ ಮೆಂಡೆಲ್ಸನ್ ಎಂಬ ಸಂಗೀತಗಾರ ಅದರ ನಾಯಕನಾದ. 1843ರಲ್ಲಿ ಅದೇ ಊರಲ್ಲಿ ಸಂಗೀತ ಶಾಲೆ ತೆರೆದ. ಆರ್ಕೆಸ್ಟ್ರಾದ ವಾದಕರೇ ಅಲ್ಲಿ ಮೇಷ್ಟ್ರುಗಳು.

ಇನ್ನೊಂದು ಘಟನೆ 1989ರದು. ಆಗ ಅದು ಪೂರ್ವ ಜರ್ಮನಿ. ಅಕ್ಟೋಬರ್ 9ರ ಸಂಜೆ ಸುಮಾರು 70,000 ಜನ ಸರ್ಕಾರದ ವಿರುದ್ಧ ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಬಹುದೆಂಬ ಭಯ ಎಲ್ಲರಿಗೂ. ಊರಿನ ಧ್ವನಿವರ್ಧಕಗಳಲ್ಲಿ ಶಾಂತಿಯ ಮನವಿ ಓದಿದ ದನಿ ಯಾರದು ಗೊತ್ತಾ? ಈ ಆರ್ಕೆಸ್ಟ್ರಾದ ನಾಯಕ ಕುರ್ಟ್ ಮಜೂರ್ ಅವರದು. ಮನವಿಗೆ ಸಹಿ ಹಾಕಿದ ಆರು ಜನರಲ್ಲಿ ಅವರೂ ಒಬ್ಬರು. ಆ ರಾತ್ರಿ ಗುಂಡು ಹಾರಲಿಲ್ಲ. ಅವರೊಬ್ಬರಿಂದಲೇ ಆಯಿತು ಎಂದರೆ ಉತ್ಪ್ರೇಕ್ಷೆ. ಆದರೆ ಅಂಥ ಹೊತ್ತಿನಲ್ಲಿ ಎರಡೂ ಕಡೆಯವರು ಕಿವಿಗೊಡುವ ಮನುಷ್ಯ ಒಬ್ಬ ಸಂಗೀತಗಾರ ಆಗಿದ್ದ ಅಂದರೆ, ಆ ಊರಿಗೂ ಆ ತಂಡಕ್ಕೂ ಇದ್ದ ನಂಟು ಎಂಥದ್ದು ಯೋಚಿಸಿ.

ದುಡ್ಡಿನ ವಿಷಯ. ನೀವು ಬ್ಯಾಂಕಿನವರು, ನಿಮಗೆ ಬೇಗ ಅರ್ಥ ಆಗುತ್ತದೆ. ಕಂಪ್ಯೂಟರ್ ಬಂದ ಮೇಲೆ ನಾಲ್ಕು ಜನರ ಲೆಡ್ಜರ್ ಕೆಲಸ ಒಬ್ಬರೇ ಮಾಡುವ ಹಾಗಾಯಿತು. ಆದರೆ ಬೀಥೋವನ್‌ನ ಸಿಂಫನಿಗೆ 1808ರಲ್ಲಿ ಎಷ್ಟು ಜನ, ಎಷ್ಟು ಹೊತ್ತು ಬೇಕಿತ್ತೋ ಇವತ್ತೂ ಹೆಚ್ಚುಕಡಿಮೆ ಅಷ್ಟೇ ಬೇಕು. ಸಂಬಳ ಮಾತ್ರ ಇವತ್ತಿನದು ಕೊಡಬೇಕು. ಬೌಮೊಲ್ ಮತ್ತು ಬೋವೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1966ರಲ್ಲೇ ಈ ಲೆಕ್ಕವನ್ನು ಬಿಡಿಸಿ ತೋರಿಸಿದರು. ಹಾಗಾಗಿ ಟಿಕೆಟ್ ಕಾಸನ್ನೇ ನಂಬಿ ದೊಡ್ಡ ಆರ್ಕೆಸ್ಟ್ರಾ ನಡೆಯುವುದಿಲ್ಲ. ಜರ್ಮನಿಯಲ್ಲಿ ಸರ್ಕಾರ, ನಗರಾಡಳಿತ ಕೊಡುತ್ತವೆ. ಅಮೆರಿಕದಲ್ಲಿ ದಾನಿಗಳು ಕೊಡುತ್ತಾರೆ.

ಹಾಸನಕ್ಕೆ ಎಂಬತ್ತು ಜನರ ತಂಡ ಬೇಕಾ ಅಂದರೆ, ಬೇಡ. ಕೂರಿಸುವುದಕ್ಕೆ ಹಾಸನಾಂಬ ಕಲಾಕ್ಷೇತ್ರ ಇದೆ, ಕೂರುವವರು ಇಲ್ಲ. ಆದರೆ ಹದಿನೈದು ತಂತಿವಾದ್ಯಗಳ ಒಂದು ತಂಡ ಖಂಡಿತ ಆಗುತ್ತದೆ. ಆಗಲ್ಲ ಅನ್ನುವವರು ಒಮ್ಮೆ ಅರಕಲಗೂಡು ಕಡೆ ಬಸ್ ಹತ್ತಿ ರುದ್ರಪಟ್ಟಣಕ್ಕೆ ಹೋಗಿ ಬರಲಿ. ಕಾವೇರಿ ದಂಡೆಯ ಒಂದು ಹಳ್ಳಿ. ಆರ್.ಕೆ. ಶ್ರೀಕಂಠನ್, ಆರ್.ಕೆ. ಪದ್ಮನಾಭ, ರುದ್ರಪಟ್ಟಣಂ ಸಹೋದರರು ಎಲ್ಲರ ಬೇರೂ ಅಲ್ಲೇ. ಅಲ್ಲಿ ತಂಬೂರಿ ಆಕಾರದಲ್ಲಿ ಕಟ್ಟಿದ ಮಂದಿರ ನೋಡಲು ಜನ ಹೋಗುತ್ತಾರೆ. ನನಗೆ ಮಂದಿರಕ್ಕಿಂತ ಮುಖ್ಯ ಅನಿಸುವುದು ಅದರ ಹಿಂದಿನ ಕಾಲ. ಮನೆ ಮನೆಯಲ್ಲಿ ಹಾಡುವವರು, ಪಕ್ಕದ ಮನೆಯಲ್ಲಿ ತಿದ್ದುವವರು. ಸಭಾಂಗಣ ಕಟ್ಟಿ ಆಮೇಲೆ ಸಂಗೀತ ಹುಡುಕಿದ ಊರು ಅದಲ್ಲ.

ನಿರ್ವಾಹಕ, ಅಂದರೆ ಮುಂದೆ ನಿಂತು ಕಡ್ಡಿ ಆಡಿಸುವವರು, ನಿಜವಾಗಿ ಏನು ಮಾಡುತ್ತಾರೆ ಸರ್? ಯೂಟ್ಯೂಬ್‌ನಲ್ಲಿ ನೋಡಿದೆ, ವಾದಕರು ಯಾರೂ ಅವರ ಕಡೆ ನೋಡುವುದೇ ಇಲ್ಲ!
– ಕಾಲೇಜು ವಿದ್ಯಾರ್ಥಿನಿ, ಬೇಲೂರು

ನೋಡುತ್ತೇವಮ್ಮ. ಪುಟ ಇಡುವ ಸ್ಟ್ಯಾಂಡನ್ನು ಎಷ್ಟು ಎತ್ತರಕ್ಕೆ ನಿಲ್ಲಿಸುತ್ತೇವೆ ಅಂದರೆ, ಪುಟದ ಮೇಲಂಚಿನ ಆಚೆಗೇ ಅವರ ಕೈ ಕಾಣಬೇಕು. ಕಣ್ಣು ಪುಟದ ಮೇಲೆ, ಕಣ್ಣಂಚು ಅವರ ಮೇಲೆ. ನೀವು ಕಾಣುವುದು ಅವರ ಬೆನ್ನು. ಕೆಲಸ ಎಲ್ಲ ಮುಖದ ಕಡೆ ನಡೆಯುತ್ತಿರುತ್ತದೆ.

ಒಂದು ಉದಾಹರಣೆ. ಬೀಥೋವನ್‌ನ ಐದನೇ ಸಿಂಫನಿಯ ಶುರುವಿನ ನಾಲ್ಕು ಸ್ವರ ನೀವೂ ಕೇಳಿರುತ್ತೀರಿ, ಜಾಹೀರಾತಿನಲ್ಲಾದರೂ. ಅದು ಸ್ವರದಿಂದ ಶುರುವಾಗುವುದೇ ಇಲ್ಲ. ತಾಳದ ಮೊದಲ ಚೂರು ಖಾಲಿ, ಅದನ್ನು ಬಿಟ್ಟು ಎತ್ತಬೇಕು. ನಮ್ಮ ಲೆಕ್ಕದಲ್ಲಿ ಅನಾಗತ ಎಡುಪು. ಕಛೇರಿಯಲ್ಲಾದರೆ ತೊಡೆ ಮೇಲೆ ತಾಳ ಬೀಳುತ್ತಿರುತ್ತದೆ, ಮೃದಂಗದವರೂ ಗಾಯಕರೂ ಕಣ್ಣಲ್ಲೇ ಮಾತಾಡಿಕೊಳ್ಳುತ್ತಾರೆ. ಇಲ್ಲಿ ಅಷ್ಟೂ ತಂತಿವಾದ್ಯಗಳು ಒಂದು ಖಾಲಿ ಜಾಗದ ನಂತರ ಒಟ್ಟಿಗೆ ಇಳಿಯಬೇಕು. ನಿರ್ವಾಹಕರು ಕೈ ಎತ್ತಿ ಮೂಗಿನಲ್ಲಿ ಉಸಿರೆಳೆಯುವುದು ಹಿಂದಿನ ಕುರ್ಚಿಯವರೆಗೆ ಕೇಳುತ್ತದೆ. ಆ ಉಸಿರಿನಲ್ಲೇ ಕಾಲಪ್ರಮಾಣ, ಅಂದರೆ ವೇಗ, ಇರುತ್ತದೆ. ಅದು ತಪ್ಪಿದರೆ ಮುಂದಿನದು ಗೋವಿಂದ.

ಇನ್ನೊಂದು ತೊಂದರೆ ದೂರದ್ದು. ಕೊನೆಯ ಸಾಲಿನ ಕಹಳೆಯವರು ಮುಂದಿನ ವಯೊಲಿನ್‌ಗಳಿಂದ ಹತ್ತು ಮೀಟರ್ ಆಚೆ ಇರುತ್ತಾರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹತ್ತು ಮೀಟರಿಗೆ ಸೆಕೆಂಡಿನ ನೂರರಲ್ಲಿ ಮೂರು ಪಾಲು ತಡ. ಕಡಿಮೆ ಅನಿಸುತ್ತದೆ. ಆದರೆ ಹಿಂದಿನವರು ಕಿವಿಯನ್ನೇ ನಂಬಿ ನುಡಿಸಿ, ಅವರ ಶಬ್ದ ಮತ್ತೆ ಮುಂದಕ್ಕೆ ಬರುವಷ್ಟರಲ್ಲಿ ತಾಳ ಕೆಸರಾಗುತ್ತದೆ. ಅದಕ್ಕೇ ಎಲ್ಲರಿಗೂ ಒಂದೇ ಕೈ.

ಮೊದಲು ಕಡ್ಡಿ ಇರಲಿಲ್ಲ, ದೊಡ್ಡ ಕೋಲಿನಿಂದ ನೆಲ ಕುಟ್ಟುವ ಪದ್ಧತಿಯೂ ಇತ್ತು. ಫ್ರಾನ್ಸಿನ ಲುಲ್ಲಿ ಎಂಬ ಸಂಗೀತಗಾರ ಹಾಗೆ ಕುಟ್ಟುವಾಗ ಕಾಲ್ಬೆರಳಿಗೆ ಹೊಡೆದುಕೊಂಡ. ಗಾಯ ಕೀವಾಗಿ 1687ರಲ್ಲಿ ಸತ್ತೇ ಹೋದ. ತಾಳ ಹಾಕಿ ಪ್ರಾಣ ಬಿಟ್ಟವರು ನಮ್ಮ ಕಡೆ ಯಾರೂ ಇಲ್ಲ ಅಂತ ಕಾಣುತ್ತದೆ, ತೊಡೆ ಮೆತ್ತಗಿರುತ್ತದಲ್ಲ.

ಮಗಳು ಕರ್ನಾಟಕ ಸಂಗೀತದ ವಯೊಲಿನ್ ಕಲಿಯುತ್ತಿದ್ದಾಳೆ, ವರ್ಣಗಳು ನಡೆಯುತ್ತಿವೆ. ಮುಂದಿನ ವರ್ಷ ಓದಲು ಬೆಂಗಳೂರಿಗೆ ಹೋಗುತ್ತಾಳೆ. ಅಲ್ಲಿ ಆರ್ಕೆಸ್ಟ್ರಾಗೆ ಸೇರುವ ಆಸೆ. ಕೈ ಕೆಡುತ್ತದೆ ಅಂತ ಅವಳ ಗುರುಗಳು ಹೆದರಿಸಿದ್ದಾರೆ. ನೀವು ಎರಡೂ ನೋಡಿದವರು, ಹೇಳಿ.
– ಗೃಹಿಣಿ, ಚನ್ನರಾಯಪಟ್ಟಣ

ಗುರುಗಳ ಭಯ ಸುಳ್ಳಲ್ಲ ತಾಯಿ, ಆದರೆ ಅರ್ಧ.

ಮೊದಲು ಕೂರುವುದೇ ಬೇರೆ. ನಾವು ಚಾಪೆ ಮೇಲೆ ಕೂತು ವಾದ್ಯದ ತಲೆಯನ್ನು ಬಲ ಪಾದಕ್ಕೆ ಊರುತ್ತೇವೆ. ವಾದ್ಯ ಅಲ್ಲಾಡುವುದಿಲ್ಲ, ಎಡಗೈ ಬಿಡುವಾಗಿ ಜಾರುತ್ತದೆ. ಅಲ್ಲಿ ಕುರ್ಚಿ. ಗದ್ದದಲ್ಲಿ ವಾದ್ಯ ಹಿಡಿಯಬೇಕು. ಮೊದಮೊದಲು ಕತ್ತು ನೋಯುತ್ತದೆ. ತಂತಿ ಕೂಡಿಸುವುದೂ ಬೇರೆ. ನಮ್ಮದು ಸ-ಪ-ಸ-ಪ, ಗಾಯಕರ ಶ್ರುತಿಗೆ ತಕ್ಕ ಹಾಗೆ. ಅಲ್ಲಿ ನಾಲ್ಕೂ ತಂತಿ ಒಂದರಿಂದ ಒಂದು ಪಂಚಮದ ದೂರ. ಓಬೊ ವಾದಕರು ಒಂದು ಸ್ವರ ಹಿಡಿಯುತ್ತಾರೆ, ಸೆಕೆಂಡಿಗೆ 440 ಕಂಪನದ್ದು, ಅಷ್ಟೂ ಜನ ಅದಕ್ಕೆ ಸೇರಬೇಕು. ಇವತ್ತು ಗಂಟಲು ಸರಿಯಿಲ್ಲ, ಶ್ರುತಿ ಅರ್ಧ ಮನೆ ಇಳಿಸಿ ಅನ್ನುವ ಮಾತೇ ಇಲ್ಲ.

ಕಮಾನಿನ ವಿಷಯ ಮಜವಾಗಿದೆ. ಒಂದು ಸಾಲಿನ ಎಲ್ಲರ ಕಮಾನೂ ಒಂದೇ ಸಲ ಮೇಲೆ, ಒಂದೇ ಸಲ ಕೆಳಗೆ. ಎಲ್ಲಿ ಮೇಲೆ, ಎಲ್ಲಿ ಕೆಳಗೆ ಎಂಬುದನ್ನು ಮೊದಲ ಕುರ್ಚಿಯವರು ತೀರ್ಮಾನಿಸುತ್ತಾರೆ. ತಾಲೀಮಿನ ನಡುವೆ ಬದಲಾಯಿಸಿದರೆ ಆ ಗುರುತು ಸಾಲಿನಿಂದ ಸಾಲಿಗೆ ಹಿಂದಕ್ಕೆ ಬರುತ್ತದೆ. ಇಬ್ಬರಿಗೊಂದು ಸ್ಟ್ಯಾಂಡು. ಸಭಿಕರ ಕಡೆ ಕೂತವರು ನುಡಿಸುತ್ತಲೇ ಇರಬೇಕು, ಒಳಗಡೆಯವರು ಪೆನ್ಸಿಲಿನಲ್ಲಿ ಗುರುತು ಹಾಕಬೇಕು, ಪುಟವನ್ನೂ ತಿರುವಬೇಕು. ನಾನು ಒಳಗಡೆಯವನು. ಎರಡು ಪುಟ ಪೂರ್ತಿ ಒಂದೇ ಸ್ವರವನ್ನು ಕುಟ್ಟಿದ್ದೂ ಉಂಟು. ಮೇಲೆ ಕೊಳಲು ಎಷ್ಟು ಚೆಂದ ಹಾಡುತ್ತಿತ್ತು ಅಂದರೆ, ಕೆಳಗೆ ನನ್ನ ಆ ಒಂದು ಸ್ವರ ನಿಂತಿದ್ದರಿಂದಲೇ ಅದು ಹಾಗೆ ಕೇಳುತ್ತಿದೆ ಅಂತ ತಿಳಿಯಲು ತಡವಾಗಲಿಲ್ಲ.

ಕೆಡುವುದು ಎಲ್ಲಿ ಅಂದರೆ ಗಮಕದಲ್ಲಿ, ಸ್ವರವನ್ನು ಜಾರಿಸಿ ಆಡಿಸುವುದರಲ್ಲಿ. ಅಲ್ಲಿ ಸ್ವರ ತನ್ನ ಜಾಗದಲ್ಲಿ ನೆಟ್ಟಗೆ ನಿಲ್ಲಬೇಕು. ಜಾರು, ಕಂಪಿತ ಏನೂ ಬೇಡ. ಅದೇ ಕೈ ಮನೆಗೆ ಬಂದು ತೋಡಿ ರಾಗದ ಗಾಂಧಾರವನ್ನು ನೆಟ್ಟಗೆ ನಿಲ್ಲಿಸಿದರೆ ರಾಗ ಅಲ್ಲೇ ಸತ್ತಿತು. ನನ್ನ ಶಿಷ್ಯೆಯೊಬ್ಬಳು ಹೀಗೇ ಹೋಗಿ ಬಂದಳು. ಗಾಂಧಾರ ಗಟ್ಟಿ ಕಲ್ಲಾಗಿತ್ತು. ಆದರೆ ಕಮಾನಿನ ಹಿಡಿತ, ಪಕ್ಕದವರನ್ನು ಕೇಳಿ ತನ್ನ ದನಿ ತಗ್ಗಿಸುವ ಬುದ್ಧಿ ಎರಡೂ ನಾನು ಕಲಿಸಿದ್ದಕ್ಕಿಂತ ಚೆನ್ನಾಗಿದ್ದವು. ದಿನಾ ತೋಡಿ ನುಡಿಸಿ ಗಾಂಧಾರ ವಾಪಸ್ ತಂದುಕೊಂಡಳು. ನಿಮ್ಮ ಮಗಳು ಬೇರೆ ಎರಡು ಹೊತ್ತು ಇಟ್ಟುಕೊಳ್ಳಲಿ. ಬೆಳಗ್ಗೆ ಚಾಪೆ, ಸಂಜೆ ಕುರ್ಚಿ. ಸಾಧ್ಯವಾದರೆ ಎರಡು ವಾದ್ಯ. ಅಟತಾಳದ ದೊಡ್ಡ ವರ್ಣ ಒಂದೆರಡು ಗಟ್ಟಿಯಾಗುವವರೆಗೆ ಕಾಯಲಿ ಅಷ್ಟೇ.

ಅವಳ ಗುರುಗಳಿಗೆ ಒಂದು ಮಾತು ನೆನಪಿಸಬಹುದು, ಮೆಲ್ಲಗೆ. ವಯೊಲಿನ್ ನಮಗೆ ಬಂದಿದ್ದೇ ಆ ಕಡೆಯಿಂದ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ನರಿಂದ ಕಲಿತು ತಂದದ್ದು. ಅವರ ಕೈ ಕೆಟ್ಟಿತು ಅಂತ ಯಾರೂ ಹೇಳಿಲ್ಲ.

ನಮ್ಮ ತಾತ ಹೇಳುತ್ತಿದ್ದರು, ಮೈಸೂರು ಮಹಾರಾಜರು ಲಂಡನ್ನಿನ ಆರ್ಕೆಸ್ಟ್ರಾಗೆ ದುಡ್ಡು ಕೊಟ್ಟಿದ್ದರಂತೆ. ನಿಜವಾ?
– ಕಾಫಿ ಬೆಳೆಗಾರ, ಸಕಲೇಶಪುರ

ನಿಜ. ಜಯಚಾಮರಾಜ ಒಡೆಯರ್. ಸ್ವತಃ ಪಿಯಾನೊ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪರೀಕ್ಷೆ ಪಾಸು ಮಾಡಿದವರು. ಯುದ್ಧ ಮುಗಿದ 1945ರಲ್ಲಿ ಲಂಡನ್ನಿನಲ್ಲಿ ಫಿಲ್ಹಾರ್ಮೊನಿಯಾ ಎಂಬ ಆರ್ಕೆಸ್ಟ್ರಾ ಹುಟ್ಟಿತು. 1948ರಲ್ಲಿ ಅದರ ಕಛೇರಿ ನಡೆಸುವ ಸಂಸ್ಥೆಗೆ ಇವರೇ ಮೊದಲ ಅಧ್ಯಕ್ಷರು. ಲಂಡನ್ನಿನಲ್ಲಿ ಕಾಯಿಲೆ ಬಿದ್ದು ಜನ ಮರೆತೇಬಿಟ್ಟಿದ್ದ ರಷ್ಯಾದ ಮೆಟ್ನರ್ ಎಂಬ ಸಂಗೀತಗಾರನ ಕೃತಿಗಳನ್ನು ರೆಕಾರ್ಡ್ ಮಾಡಿಸಿದವರೂ ಇವರೇ. ಆತ ತನ್ನ ಮೂರನೇ ಪಿಯಾನೊ ಕನ್ಚೆರ್ಟೊವನ್ನು, ಅಂದರೆ ಪಿಯಾನೊಗೂ ಆರ್ಕೆಸ್ಟ್ರಾಗೂ ಸೇರಿಸಿ ಬರೆದ ಕೃತಿಯನ್ನು, ಮಹಾರಾಜರಿಗೇ ಅರ್ಪಿಸಿದ. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಸಿದವು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ವಾಹಕ ಫುರ್ಟ್‌ವಾಂಗ್ಲರ್. ನಷ್ಟವಾದರೆ ತುಂಬಿಕೊಡುತ್ತೇನೆ ಎಂದು ನಿಂತವರು ಮೈಸೂರಿನ ಈ ಅರಸರು. ಆ ಹೊತ್ತಿಗೆ ರಾಜ್ಯ ಹೋಗಿತ್ತು, ಅಭಿರುಚಿ ಹೋಗಿರಲಿಲ್ಲ. ಇದೇ ಮನುಷ್ಯ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ್ದಾರೆ. ಕೈ ಕೆಡುತ್ತದೆ ಅನ್ನುವವರು ಇದನ್ನೂ ಓದಿಕೊಳ್ಳಲಿ.

ನನಗೆ ಒಂದು ಸಣ್ಣ ಕೊರಗು ಇದೆ, ಹೇಳಿಬಿಡುತ್ತೇನೆ. ಲಂಡನ್ನಿಗೆ ಅಷ್ಟು ಆಯಿತು, ನಮ್ಮ ಜಿಲ್ಲೆಗಳಿಗೆ ಆ ವಾದ್ಯಗಳಲ್ಲಿ ಮುಟ್ಟಿದ್ದು ಬ್ಯಾಂಡಿನವು ಮಾತ್ರ. ದಸರಾದ ಪೊಲೀಸ್ ಬ್ಯಾಂಡ್ ಇದೆ. ಆಗಸ್ಟ್ 15ಕ್ಕೆ ಕ್ರೀಡಾಂಗಣದಲ್ಲಿ ಕ್ಲಾರಿನೆಟ್, ಟ್ರಂಪೆಟ್ ಕೇಳುತ್ತೀರಿ. ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟಿನವರೂ ಅದೇ ವಾದ್ಯ ಹಿಡಿದು ಬಿಸಿಲಲ್ಲಿ ನಡೆಯುತ್ತಾರೆ. ಅವರಲ್ಲಿ ಒಳ್ಳೊಳ್ಳೆಯ ವಾದಕರಿದ್ದಾರೆ. ಮುಂದೊಂದು ದಿನ ಹಾಸನದಲ್ಲಿ ತಂಡ ಆದರೆ ಊದುವ ವಾದ್ಯಕ್ಕೆ ಮೊದಲು ಕರೆಯಬೇಕಾದ್ದು ಅವರನ್ನೇ. ಕುರ್ಚಿ ಕೊಟ್ಟು, ಕಾಫಿ ಕೊಟ್ಟು.

ಸಿಂಫನಿಯಲ್ಲಿ ಚಪ್ಪಾಳೆ ಯಾವಾಗ ಹೊಡೆಯಬೇಕು? ನಡುವೆ ಹೊಡೆದು ಎಲ್ಲರೂ ನನ್ನನ್ನೇ ನೋಡಿದರು.
– ಶಾಲಾ ಶಿಕ್ಷಕಿ, ಅರಸೀಕೆರೆ

ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು ಭಾಗ. ಈಗಿನ ರೂಢಿಯಲ್ಲಿ ನಾಲ್ಕೂ ಮುಗಿದು, ನಿರ್ವಾಹಕರು ಕೈ ಇಳಿಸಿದ ಮೇಲೆ ಚಪ್ಪಾಳೆ. ಆದರೆ ನಾಚಿಕೊಳ್ಳಬೇಡಿ. 1778ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಸಿಂಫನಿಯ ಮೊದಲ ಭಾಗದ ನಡುವೆಯೇ ಜನ ಚಪ್ಪಾಳೆ ಹೊಡೆದರು ಎಂದು ಮೊಜಾರ್ಟ್ ಖುಷಿಯಿಂದ ಅಪ್ಪನಿಗೆ ಕಾಗದ ಬರೆದಿದ್ದ. ಈ ಮೌನದ ಶಿಸ್ತು ಆಮೇಲೆ ಬಂದದ್ದು. ನನಗಂತೂ ಅದು ಸ್ವಲ್ಪ ಜಾಸ್ತಿಯಾಯಿತು ಅನಿಸುತ್ತದೆ. ಕೃತಿಯ ನಡುವೆ ಬರುವ ಚಿಟ್ಟೆಸ್ವರಕ್ಕೆ ‘ಭಲೇ’ ಅನ್ನದಿದ್ದರೆ ನಮ್ಮ ವಿದ್ವಾಂಸರು ಬೇಜಾರು ಮಾಡಿಕೊಳ್ಳುತ್ತಾರೆ.

ಹಳೇಬೀಡಿನ ಗೋಡೆಗಳಲ್ಲಿ ವಾದ್ಯಗಾರರ ಸಾಲೇ ಇದೆ. ಹಾಗಾದರೆ ಹೊಯ್ಸಳರ ಕಾಲದಲ್ಲೇ ಆರ್ಕೆಸ್ಟ್ರಾ ಇತ್ತು ಅನ್ನಬಹುದಾ?
– ಪ್ರವಾಸಿ ಗೈಡ್, ಹಳೇಬೀಡು

ವಾದ್ಯಮೇಳ ಇತ್ತು, ಅದರಲ್ಲಿ ಅನುಮಾನ ಇಲ್ಲ. ವಾದ್ಯಗಾರರ ಗುಂಪಿಗೆ ಭರತನ ನಾಟ್ಯಶಾಸ್ತ್ರದಲ್ಲೇ ಕುತಪ ಎಂಬ ಹೆಸರಿದೆ. ಆದರೆ ನಮ್ಮ ಮೇಳದಲ್ಲಿ ಎಲ್ಲರೂ ಒಂದೇ ಧಾತುವಿನ, ಅಂದರೆ ಒಂದೇ ಸ್ವರಧಾಟಿಯ, ಹಿಂದೆ ಹೋಗುತ್ತಾರೆ. ಸಿಂಫನಿಯಲ್ಲಿ ಒಂದೇ ಹೊತ್ತಿಗೆ ನಾಲ್ಕಾರು ಬೇರೆ ಬೇರೆ ಧಾತು ಸೇರಿ ನಡೆಯುತ್ತವೆ. ಎರಡೂ ಬೇರೆ. ಪ್ರವಾಸಿಗರಿಗೆ ‘ಸಿಂಫನಿ ಕಂಡುಹಿಡಿದವರೇ ನಾವು’ ಅಂತ ಹೇಳಬೇಡಿ ಮಹರಾಯರೇ.

ಮೇಷ್ಟ್ರೇ, ನಮ್ಮಲ್ಲಿ ವಯೊಲಿನ್ ಕಲಿಯುವ ಎಂಟು ಮಕ್ಕಳಿದ್ದಾರೆ, ಇಬ್ಬರಿಗೆ ಕೊಳಲು ಬರುತ್ತದೆ. ಸಣ್ಣ ತಂಡ ಕಟ್ಟಬೇಕು ಅಂತಿದ್ದೇವೆ. ಮೊದಲು ಏನು ಮಾಡಬೇಕು?
– ಯುವಕ ಸಂಘದವರು, ಹೊಳೆನರಸೀಪುರ

ಈ ತಿಂಗಳ ಅತಿ ಒಳ್ಳೆಯ ಪತ್ರ ನಿಮ್ಮದು. ಮೊದಲು ಬ್ಯಾನರ್ ಪ್ರಿಂಟ್ ಹಾಕಿಸಬೇಡಿ, ಉದ್ಘಾಟನೆಗೆ ಶಾಸಕರನ್ನು ಕರೆಯಬೇಡಿ. ಒಂದು ದಿನ ಗೊತ್ತು ಮಾಡಿ. ಭಾನುವಾರ ಬೆಳಗ್ಗೆ ಹತ್ತು ಅಂದರೆ ಹತ್ತು. ಮೂರು ಮಕ್ಕಳು ಬಂದರೂ ಸರಿ, ನಡೆಸಿ. ಕಲ್ಯಾಣ ಮಂಟಪ ಬೇಡ, ಶಬ್ದ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಯಾರ ತಪ್ಪು ಯಾರದು ತಿಳಿಯುವುದಿಲ್ಲ. ಶಾಲೆಯ ಒಂದು ಕೋಣೆ ಕೇಳಿ, ಕಿಟಕಿಗೆ ದಪ್ಪ ಪರದೆ ಹಾಕಿ.

ಎಂಟರಲ್ಲಿ ದೊಡ್ಡ ಕೈಯ ಇಬ್ಬರನ್ನು ವಿಯೋಲಾಗೆ ಬದಲಾಯಿಸಿ. ವಯೊಲಿನ್‌ಗಿಂತ ಒಂದು ಪಂಚಮ ಕೆಳಗಿನ ಶ್ರುತಿ, ಬೆರಳಿನ ಲೆಕ್ಕ ಅದೇ. ಉಳಿದ ಆರು ಜನ ಒಂದನೇ, ಎರಡನೇ ವಯೊಲಿನ್ ಸಾಲಿಗೆ ಮೂರು-ಮೂರು. ಕೊಳಲಿನವರಿಗೆ ಬೇರೆ ಸಾಲು ಬರೆಯಿರಿ, ವಯೊಲಿನ್ ಹಿಂದೆ ಹೋಗುವುದು ಬೇಡ. ಮೊದಲ ಪಾಠಕ್ಕೆ ದೀಕ್ಷಿತರ ನೋಟ್ಟುಸ್ವರ ತೆಗೆದುಕೊಳ್ಳಿ. ಪಾಶ್ಚಾತ್ಯ ಧಾಟಿಗೆ ಸಂಸ್ಕೃತ ಮಾತು ಕೂಡಿಸಿದ ರಚನೆಗಳು ಅವು, ಗಮಕವೇ ಇಲ್ಲ. ಮಕ್ಕಳಿಗೆ ಬಾಯಲ್ಲಿ ಬರುತ್ತದೆ, ಸ್ವರ ನೆಟ್ಟಗೆ ನಿಲ್ಲುತ್ತದೆ. ಕೆಳಗೆ ಇನ್ನೊಂದು ಸಾಲು ಸೇರಿಸುವುದು ಸುಲಭ.

ದುಡ್ಡು ಕೂಡಿದ ಮೇಲೆ ಕೊಳ್ಳಬೇಕಾದ್ದು ಒಂದು ಸೆಲ್ಲೊ, ವಯೊಲಿನ್ ಜಾತಿಯದೇ ದೊಡ್ಡ ವಾದ್ಯ. ಡ್ರಮ್ಸ್ ಅಲ್ಲ, ಕೀಬೋರ್ಡ್ ಅಲ್ಲ. ಕೆಳಗಿನ ದನಿ ಇಲ್ಲದೆ ತಂಡಕ್ಕೆ ಕಾಲಿಲ್ಲ. ವಯೊಲಿನ್‌ಗಿಂತ ಹಲವು ಪಟ್ಟು ದುಬಾರಿ, ಗೊತ್ತಿರಲಿ. ಅಂಗಡಿಯಲ್ಲಿ ತಂತಿ ಹೊರುವ ಕುದುರೆ ನೆಟ್ಟಗೆ ನಿಂತಿದೆಯಾ ನೋಡಿ, ತಂತಿ ಬೆರಳಿಡುವ ಪಟ್ಟಿಯಿಂದ ತುಂಬಾ ಎತ್ತರ ಇದ್ದರೆ ಮಕ್ಕಳ ಬೆರಳು ನೋಯುತ್ತದೆ. ಬಿರಡೆ ತಿರುಗಿಸಿ ಬಿಟ್ಟು ನೋಡಿ, ನಿಲ್ಲಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಬಿರಡೆ ಉಬ್ಬಿ ಬಿಗಿಯುತ್ತದೆ, ಬೇಸಿಗೆಯಲ್ಲಿ ಜಾರುತ್ತದೆ. ಜಾರಿದರೆ ಸೀಮೆಸುಣ್ಣ ಸವರಿ, ಸುತ್ತಿಗೆ ತರಬೇಡಿ. ಕೊಳ್ಳುವ ಮುಂಚೆ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೊಂದು ಕಾಗದ ಹಾಕಿ, ಒಟ್ಟಿಗೇ ಹೋಗಿ ನೋಡಿ ತರೋಣ.